ವೈನ್ ಪಂಡಿತರ ಮಾತೋ, ಸ್ವಂತ ನಾಲಗೆಯೋ?

(ಉಪನ್ಯಾಸದ ಪಠ್ಯ)

ರುಚಿಯ ಬಗ್ಗೆ ಕನ್ನಡದಲ್ಲಿ ಎರಡು ಗಾದೆಗಳಿವೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ಒಂದು. ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ ಎನ್ನುತ್ತದೆ ಇನ್ನೊಂದು. ಮೊದಲನೆಯದರ ಪ್ರಕಾರ ನಾಲಗೆಯ ವಿಷಯದಲ್ಲಿ ಪ್ರತಿಯೊಬ್ಬನೂ ಸ್ವತಂತ್ರ. ಎರಡನೆಯದರ ಪ್ರಕಾರ ಎಲ್ಲ ಮೂಗುಗಳೂ ಸಮಾನವಲ್ಲ; ಪರಿಮಳವನ್ನು ಗುರುತಿಸುವುದಕ್ಕೂ ಒಂದು ಯೋಗ್ಯತೆ ಬೇಕು. ಎರಡನ್ನೂ ಸಂದರ್ಭಕ್ಕೆ ತಕ್ಕಂತೆ ಬಳಸುವ ಜನ ಅವುಗಳ ನಡುವೆ ಇರುವ ಜಗಳವನ್ನು ಗಮನಿಸುವುದಿಲ್ಲ. ಆ ಜಗಳ ಬಹಿರಂಗವಾಗಿ, ಕೋಟಿಗಟ್ಟಲೆ ಹಣವನ್ನು ಪಣಕ್ಕಿಟ್ಟು ನಡೆದಿರುವುದು ವೈನ್ ಪ್ರಪಂಚದಲ್ಲಿ.

ಇಲ್ಲಿ ನೆರೆದಿರುವವರಲ್ಲಿ ವೈನ್ ಮುಟ್ಟದವರೇ ಹೆಚ್ಚಿರಬಹುದು. ಅದರಿಂದ ಬಾಧಕವೇನೂ ಇಲ್ಲ. ಕಾಫಿಯ ಘಮ, ಮಾವಿನ ಸವಿ, ಸಂಗೀತ ಕಛೇರಿಯ ಗುಣದೋಷ, ಎಲ್ಲ ಕಡೆಯೂ ಏಳುವ ಪ್ರಶ್ನೆ ಒಂದೇ: ಬಲ್ಲವರ ಮಾತನ್ನು ನಂಬಬೇಕೋ, ತನ್ನ ಅನುಭವವನ್ನು ನಂಬಬೇಕೋ? ವೈನಿನ ಉದಾಹರಣೆಗೆ ಒಂದು ಅನುಕೂಲವಿದೆ. ಈ ಪ್ರಶ್ನೆಯನ್ನು ಬಾಯಿಮಾತಿನ ವಾದಕ್ಕೆ ಬಿಡದೆ, ಅಂಕಿ ಅಂಶ ಹಿಡಿದು ಪರೀಕ್ಷಿಸಿದ ದಾಖಲೆಗಳು ಅಲ್ಲಿ ಸಿಗುತ್ತವೆ.

ಪಂಡಿತ ಬೇಕಾದದ್ದು ಏಕೆ?

ಮಾವಿನಹಣ್ಣನ್ನು ಮೂಸಿ, ಮೆಲ್ಲಗೆ ಒತ್ತಿ ನೋಡಿ ಕೊಳ್ಳಬಹುದು. ವೈನ್ ಬಾಟಲಿಗೆ ಬಿರಡೆ ಬಿಗಿದಿರುತ್ತದೆ. ದುಡ್ಡು ಕೊಟ್ಟು ಮನೆಗೆ ತಂದು ತೆರೆಯುವವರೆಗೆ ಒಳಗಿರುವುದು ಹೇಗಿದೆಯೆಂದು ತಿಳಿಯದು. ಒಂದೇ ಅಂಗಡಿಯ ಎರಡು ಬಾಟಲಿಗಳ ಬೆಲೆಯಲ್ಲಿ ನೂರು ಪಟ್ಟು ಅಂತರವಿದ್ದರೂ ಆಶ್ಚರ್ಯವಿಲ್ಲ. ಇಂಥಲ್ಲಿ ಕೊಳ್ಳುವವನು ಮತ್ತೊಬ್ಬರ ನಾಲಗೆಯನ್ನು ಎರವಲು ತರಲೇಬೇಕಾಗುತ್ತದೆ.

ಆ ಎರವಲಿನ ಇತಿಹಾಸದಲ್ಲಿ 1855 ಮುಖ್ಯವಾದ ವರ್ಷ. ಮೂರನೆಯ ನೆಪೋಲಿಯನ್ ಪ್ಯಾರಿಸ್‌ನಲ್ಲಿ ನಡೆಸಿದ ಮಹಾಪ್ರದರ್ಶನಕ್ಕಾಗಿ ಬೋರ್ಡೋ ಪ್ರಾಂತದ ವೈನ್ ದಲ್ಲಾಳಿಗಳು ಅಲ್ಲಿನ ಹೆಸರಾಂತ ಕೆಂಪು ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಅವರು ಹಿಡಿದ ಮುಖ್ಯ ಅಳತೆ ಮಾರುಕಟ್ಟೆಯಲ್ಲಿ ಆಯಾ ತೋಟದ ವೈನಿಗೆ ಸಿಗುತ್ತಿದ್ದ ಬೆಲೆ. ಬೆಲೆ ಹೆಚ್ಚಿದ್ದರಿಂದ ದರ್ಜೆ ಮೇಲಿನದಾಯಿತು. ದರ್ಜೆ ಮೇಲಿನದಾದ್ದರಿಂದ ಬೆಲೆ ಇನ್ನಷ್ಟು ಏರಿತು. ಆ ಪಟ್ಟಿ ಇಂದಿಗೂ ಚಲಾವಣೆಯಲ್ಲಿದೆ. ಅದರಲ್ಲಿ ಆದ ದೊಡ್ಡ ಬದಲಾವಣೆ ಎಂದರೆ, ಎರಡನೆಯ ದರ್ಜೆಯಲ್ಲಿದ್ದ ಶಾತೋ ಮೂತೋ-ರಾಥ್‌ಶೀಲ್ಡ್ 1973ರಲ್ಲಿ ಮೊದಲ ದರ್ಜೆಗೆ ಬಡ್ತಿ ಪಡೆದದ್ದು.

ಈ ಪಟ್ಟಿಯ ಅಧಿಕಾರಕ್ಕೆ ಪೆಟ್ಟು ಬಿದ್ದದ್ದು 1976ರ ಮೇ 24ರಂದು. ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ಇಟ್ಟಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷರವನು, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ನೆಪದಲ್ಲಿ ಕ್ಯಾಲಿಫೋರ್ನಿಯದ ವೈನ್‌ಗಳನ್ನು ಫ್ರಾನ್ಸ್‌ನ ಶ್ರೇಷ್ಠ ವೈನ್‌ಗಳೊಂದಿಗೆ ಇಟ್ಟು ಒಂದು ರುಚಿ ಪರೀಕ್ಷೆ ಏರ್ಪಡಿಸಿದ. ತೀರ್ಪುಗಾರರು ಒಂಬತ್ತು ಮಂದಿ; ಎಲ್ಲರೂ ಫ್ರೆಂಚರು, ಎಲ್ಲರೂ ಆ ವಿದ್ಯೆಯಲ್ಲಿ ಪಳಗಿದವರು. ಬಾಟಲಿಗಳ ಹೆಸರನ್ನು ಮರೆಮಾಡಲಾಗಿತ್ತು. ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದಷ್ಟೇ ಕೆಲಸ. ಫ್ರಾನ್ಸ್ ಗೆಲ್ಲುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹೀಗಾಗಿ ಪತ್ರಕರ್ತರೂ ಬರಲಿಲ್ಲ. ಬಂದವರು ‘ಟೈಮ್’ ವಾರಪತ್ರಿಕೆಯ ಜಾರ್ಜ್ ಟೇಬರ್ ಒಬ್ಬರೇ.

ಅಂಕಗಳನ್ನು ಕೂಡಿದಾಗ ಬಿಳಿ ವೈನ್‌ಗಳಲ್ಲಿ ಮೊದಲ ಸ್ಥಾನ ಕ್ಯಾಲಿಫೋರ್ನಿಯದ ಶಾತೋ ಮಾಂಟೆಲೀನಾಗೆ, ಕೆಂಪು ವೈನ್‌ಗಳಲ್ಲಿ ಮೊದಲ ಸ್ಥಾನ ಕ್ಯಾಲಿಫೋರ್ನಿಯದ್ದೇ ಆದ ಸ್ಟ್ಯಾಗ್ಸ್ ಲೀಪ್‌ಗೆ ಬಂದಿತ್ತು. ಮೂರು ವರ್ಷದ ಹಿಂದೆಯಷ್ಟೇ ಬಡ್ತಿ ಪಡೆದಿದ್ದ ಮೂತೋ ಕೂದಲೆಳೆಯ ಅಂತರದಲ್ಲಿ ಎರಡನೆಯದಾಯಿತು. ಯಾವ ಲೋಟದಲ್ಲಿ ಯಾವುದಿದೆ ಎಂಬ ಪಟ್ಟಿ ಟೇಬರ್ ಕೈಯಲ್ಲಿತ್ತು. ಕ್ಯಾಲಿಫೋರ್ನಿಯದ ಬಿಳಿ ವೈನನ್ನು ಸವಿದು, ಇದು ಫ್ರಾನ್ಸಿನದೇ ಎಂದು ತೀರ್ಪುಗಾರರೊಬ್ಬರು ಸಂತೋಷಪಟ್ಟದ್ದನ್ನು ಅವರು ಕಿವಿಯಾರೆ ಕೇಳಿದರು. ಫಲಿತಾಂಶ ಹೊರಬಿದ್ದ ಮೇಲೆ ಫ್ರಾನ್ಸ್‌ನ ಹೆಸರಾಂತ ವೈನ್ ಪತ್ರಿಕೆಯ ಸಂಪಾದಕಿ ತಮ್ಮ ಅಂಕಪಟ್ಟಿಯನ್ನು ವಾಪಸು ಕೊಡುವಂತೆ ಕೇಳಿದರು. ಸ್ಪರಿಯರ್ ಕೊಡಲಿಲ್ಲ.

ಈ ಪ್ರಸಂಗವನ್ನು ಪಂಡಿತರ ಸೋಲು ಎಂದು ಹೇಳುವವರು ಬಹಳ. ಆದರೆ ತುಸು ನಿಧಾನಿಸಿ ನೋಡಿ. ದೇಶ ಯಾವುದೆಂದು ಹೇಳುವಲ್ಲಿ ಅವರು ಎಡವಿದರು, ನಿಜ. ಆದರೆ ತಮಗೆ ಗೊತ್ತೇ ಇಲ್ಲದ ಊರಿನ, ಹೆಸರು ಕೇಳದ ರೈತನ ವೈನ್ ಚೆನ್ನಾಗಿದೆ ಎಂದು ಅವರ ನಾಲಗೆ ಪ್ರಾಮಾಣಿಕವಾಗಿ ಹೇಳಿತು. ಹೆಸರು ಕಾಣುತ್ತಿದ್ದರೆ ಅದೇ ಜನ ಅದೇ ಅಂಕಗಳನ್ನು ಕೊಡುತ್ತಿದ್ದರೇ? ಅಂಕಪಟ್ಟಿ ವಾಪಸು ಕೇಳಿದ ಸಂಗತಿಯೇ ಅದಕ್ಕೆ ಉತ್ತರ. ಮೂವತ್ತು ವರ್ಷಗಳ ಅನಂತರ, 2006ರಲ್ಲಿ, ಅದೇ ಕೆಂಪು ವೈನ್‌ಗಳನ್ನು ಮತ್ತೆ ಪರೀಕ್ಷೆಗಿಟ್ಟಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಕ್ಕೇ ಹೋದವು. ಆದರೆ ಮೊದಲು ಬಂದದ್ದು ಬೇರೊಂದು ತೋಟದ ವೈನ್.

ಅಂಕಗಳ ಆಳ್ವಿಕೆ

ಹಳೆಯ ಪಟ್ಟಿಯ ಗದ್ದುಗೆ ಅಲುಗಾಡಿದಾಗ ಹೊಸ ಅಧಿಕಾರವೊಂದು ಹುಟ್ಟಿತು. 1978ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ವಕೀಲ ರಾಬರ್ಟ್ ಪಾರ್ಕರ್ ‘ವೈನ್ ಅಡ್ವೊಕೇಟ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಜಾಹೀರಾತು ಪಡೆಯದೆ, ವ್ಯಾಪಾರಿಗಳ ಹಂಗಿಗೆ ಬೀಳದೆ, ಕೊಳ್ಳುವವನ ಪರವಾಗಿ ಬರೆಯುವುದು ಅವರ ಗುರಿಯಾಗಿತ್ತು. ಶಾಲೆಯ ಮಕ್ಕಳಿಗೆ ಕೊಡುವಂತೆ ನೂರಕ್ಕೆ ಇಷ್ಟು ಎಂದು ಅವರು ಅಂಕ ಕೊಡತೊಡಗಿದರು. ಅಂಕಗಳು ಐವತ್ತರಿಂದ ಆರಂಭವಾಗುತ್ತಿದ್ದವು. 1982ರ ಬೋರ್ಡೋ ಬೆಳೆಯನ್ನು ಅವರು ಎತ್ತಿ ಹಿಡಿದದ್ದು ಕಾಲ ಕಳೆದಂತೆ ಸರಿಯೆನಿಸಿತು. ಅವರ ಹೆಸರು ಜಗತ್ತಿಗೆಲ್ಲ ಹಬ್ಬಿತು. ಇನ್ನು ಅಂಗಡಿಗಳಲ್ಲಿ ತೊಂಬತ್ತು ದಾಟಿದ ಬಾಟಲಿ ಬಿಸಿ ದೋಸೆಯಂತೆ ಖರ್ಚು, ದಾಟದ್ದು ಮೂಲೆಗೆ. ಪಾರ್ಕರ್ ಮೆಚ್ಚುವ ಗಾಢವಾದ, ಹಣ್ಣಿನ ರುಚಿ ತುಂಬಿದ, ಓಕ್ ಮರದ ವಾಸನೆಯ ವೈನನ್ನೇ ತಯಾರಿಸಲು ಎಷ್ಟೋ ದೇಶಗಳ ಬೆಳೆಗಾರರು ಹೊರಟರು ಎಂಬ ದೂರೂ ಹುಟ್ಟಿತು. ಅವರು ನಿವೃತ್ತರಾದದ್ದು 2019ರಲ್ಲಿ.

ಹೀಗೆ ಒಂದೆರಡು ಅಂಕಗಳ ಮೇಲೆ ಬೆಳೆಗಾರನ ವರ್ಷದ ದುಡಿಮೆ ನಿಂತಿರುವಾಗ, ಆ ಅಂಕಗಳು ಎಷ್ಟು ಗಟ್ಟಿ ಎಂದು ಕೇಳುವುದು ನ್ಯಾಯ ತಾನೇ? ಕೇಳಿದವರು ಒಬ್ಬ ಬೆಳೆಗಾರರೇ. ರಾಬರ್ಟ್ ಹಾಜ್ಸನ್ ಕ್ಯಾಲಿಫೋರ್ನಿಯದ ನಿವೃತ್ತ ಪ್ರಾಧ್ಯಾಪಕರು, ಸಂಖ್ಯಾಶಾಸ್ತ್ರ ಬಲ್ಲವರು, ಸ್ವತಃ ಸಣ್ಣ ಪ್ರಮಾಣದಲ್ಲಿ ವೈನ್ ತಯಾರಿಸುವವರು. ತಮ್ಮ ಒಂದೇ ವೈನಿಗೆ ಒಂದು ಸ್ಪರ್ಧೆಯಲ್ಲಿ ಚಿನ್ನದ ಪದಕ ಬಂದು, ಮತ್ತೊಂದರಲ್ಲಿ ಏನೂ ಬಾರದಿರುವುದನ್ನು ಕಂಡು ಅವರಿಗೆ ಕುತೂಹಲ ಹುಟ್ಟಿತು. ಕ್ಯಾಲಿಫೋರ್ನಿಯ ರಾಜ್ಯ ಮೇಳದ ಸ್ಪರ್ಧೆಯಲ್ಲಿ 2005ರಿಂದ 2008ರವರೆಗೆ, ಸಂಘಟಕರ ಒಪ್ಪಿಗೆ ಪಡೆದು ಅವರು ಒಂದು ಪ್ರಯೋಗ ನಡೆಸಿದರು. ಸಾಲಾಗಿ ಇಟ್ಟ ಲೋಟಗಳ ನಡುವೆ, ಒಂದೇ ಬಾಟಲಿಯಿಂದ ಸುರಿದ ವೈನನ್ನು ಮೂರು ಸಲ ಇಡುವುದು. ತೀರ್ಪುಗಾರರಿಗೆ ಇದು ತಿಳಿಯದು.

ಒಂದೇ ವೈನಿಗೆ ಮೂರು ಸಲವೂ ಹೆಚ್ಚುಕಡಿಮೆ ಒಂದೇ ಪದಕದ ಮಟ್ಟದ ಅಂಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು. ಇನ್ನೂ ಸುಮಾರು ಹತ್ತರಲ್ಲಿ ಒಬ್ಬರು ಅದೇ ವೈನಿಗೆ ಒಮ್ಮೆ ಕಂಚು, ಒಮ್ಮೆ ಚಿನ್ನ ಕೊಟ್ಟಿದ್ದರು. ಸಾಮಾನ್ಯ ತೀರ್ಪುಗಾರನ ಅಂಕ ಅತ್ತಿತ್ತ ನಾಲ್ಕರಷ್ಟು ಓಲಾಡುತ್ತಿತ್ತು. ಎಂಬತ್ತೊಂಬತ್ತಕ್ಕೂ ತೊಂಬತ್ತೊಂದಕ್ಕೂ ನಡುವೆ ಬೆಲೆಯ ಗೋಡೆ ಎದ್ದಿರುವ ಮಾರುಕಟ್ಟೆಯಲ್ಲಿ ನಾಲ್ಕು ಅಂಕದ ಓಲಾಟ ಸಣ್ಣದಲ್ಲ. ಮುಂದಿನ ವರ್ಷ ಹಾಜ್ಸನ್ ಹಲವು ಸ್ಪರ್ಧೆಗಳ ಫಲಿತಾಂಶಗಳನ್ನು ಹೋಲಿಸಿದರು. ಮೂರಕ್ಕಿಂತ ಹೆಚ್ಚು ಸ್ಪರ್ಧೆಗಳಿಗೆ ಹೋದ ವೈನ್‌ಗಳಲ್ಲಿ ಶೇಕಡ 47ಕ್ಕೆ ಎಲ್ಲಾದರೂ ಒಂದು ಕಡೆ ಚಿನ್ನ ಸಿಕ್ಕಿತ್ತು. ಹೀಗೆ ಚಿನ್ನ ಗೆದ್ದವುಗಳಲ್ಲಿ ಶೇಕಡ 84 ಇನ್ನೊಂದು ಕಡೆ ಬರಿಗೈಯಲ್ಲಿ ಮರಳಿದ್ದವು.

ಇದಕ್ಕಿಂತ ಹೆಚ್ಚು ಜನ ನೆನಪಿಟ್ಟಿರುವುದು ಫ್ರಾನ್ಸ್‌ನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ. ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಿಂದಲೇ ವರ್ಣಿಸಿದರು. ವೈನ್ ಪಂಡಿತರೆಲ್ಲ ಢೋಂಗಿಗಳು ಎಂಬುದಕ್ಕೆ ಈ ಕಥೆಯನ್ನು ಪದೇ ಪದೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಆ 54 ಮಂದಿ ವೈನ್ ವಿದ್ಯೆಯ ವಿದ್ಯಾರ್ಥಿಗಳು, ನುರಿತ ವಿಮರ್ಶಕರಲ್ಲ. ಪ್ರಯೋಗ ತೋರಿಸಿದ್ದು ಒಟ್ಟಿನಲ್ಲಿ ಮನುಷ್ಯನ ಮೂಗಿನ ಸ್ವಭಾವವನ್ನು. ಕಣ್ಣು ಮೊದಲು ಮಾತಾಡಿದರೆ ಮೂಗು ಅದಕ್ಕೆ ತಲೆಯಾಡಿಸುತ್ತದೆ.

ಹಾಗಾದರೆ ಸ್ವಂತ ನಾಲಗೆ?

ಇಷ್ಟು ಕೇಳಿದ ಮೇಲೆ, ‘ಪಂಡಿತರ ಗೊಡವೆಯೇ ಬೇಡ, ನನ್ನ ನಾಲಗೆಗೆ ಹಿಡಿಸಿದ್ದೇ ನನಗೆ ಒಳ್ಳೆಯದು’ ಎಂದು ಎದ್ದು ಹೋಗಬಹುದೇ? ಹಾಗೆ ಹೋಗುವವನು ತನ್ನ ನಾಲಗೆ ತನ್ನದೇ ಎಂದು ನಂಬಿರುತ್ತಾನೆ. ಆ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ.

2008ರಲ್ಲಿ ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ ಇಪ್ಪತ್ತು ಜನ ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿ ಕೊಳವೆಯ ಮೂಲಕ ವೈನ್ ಗುಟುಕರಿಸಿದರು. ಒಂದೇ ವೈನನ್ನು ಒಮ್ಮೆ ಹತ್ತು ಡಾಲರಿನದೆಂದೂ ಇನ್ನೊಮ್ಮೆ ತೊಂಬತ್ತು ಡಾಲರಿನದೆಂದೂ ಹೇಳಿ ಕೊಡಲಾಯಿತು. ತೊಂಬತ್ತರದ್ದು ಹೆಚ್ಚು ರುಚಿಯಾಗಿದೆ ಎಂದರು ಎಲ್ಲರಂತೆ ಇವರೂ. ಇದನ್ನು ಬರಿಯ ಬಡಾಯಿ ಎಂದು ತಳ್ಳಿಹಾಕುವಂತಿಲ್ಲ. ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗ ದುಬಾರಿ ಬೆಲೆ ಕೇಳಿದಾಗ ನಿಜವಾಗಿಯೂ ಹೆಚ್ಚು ಚುರುಕಾಗಿತ್ತು. ಅಂದರೆ ಬೆಲೆಚೀಟಿಯನ್ನು ಓದಿದ ಮೇಲೆ ಆಗುವ ಸಂತೋಷ ಸುಳ್ಳಲ್ಲ. ಅದು ವೈನಿನಿಂದ ಬಂದದ್ದು ಎಂಬ ತಿಳಿವಳಿಕೆ ಸುಳ್ಳು. ವಾರಗಳ ಅನಂತರ ಬೆಲೆ ಹೇಳದೆ ಕೊಟ್ಟಾಗ ಅವೇ ವೈನ್‌ಗಳ ನಡುವೆ ಆ ವ್ಯತ್ಯಾಸ ಉಳಿಯಲಿಲ್ಲ.

ಅದೇ ವರ್ಷ ಅಮೆರಿಕದಲ್ಲಿ ಹೆಸರು ಮುಚ್ಚಿ ನಡೆಸಿದ ಆರು ಸಾವಿರಕ್ಕೂ ಮಿಕ್ಕ ರುಚಿನೋಟಗಳ ಲೆಕ್ಕ ಪ್ರಕಟವಾಯಿತು. ತರಬೇತಿ ಇಲ್ಲದ ಸಾಮಾನ್ಯರಿಗೆ ದುಬಾರಿ ವೈನ್ ಹೆಚ್ಚು ಹಿಡಿಸಲಿಲ್ಲ. ಅಗ್ಗದ್ದೇ ಕೊಂಚ ಮೇಲೆನಿಸಿತು. ತರಬೇತಿ ಪಡೆದವರಲ್ಲಿ ಮಾತ್ರ ದುಬಾರಿಯ ಕಡೆಗೆ ತುಸು ಒಲವು ಕಂಡಿತು. ಪಳಗಿದ ನಾಲಗೆಗೂ ಪಳಗದ ನಾಲಗೆಗೂ ವ್ಯತ್ಯಾಸ ಇದ್ದೇ ಇದೆ ಎಂಬುದಕ್ಕೂ ಇದು ಪುರಾವೆ.

ಇನ್ನು ಹುಟ್ಟಿನಿಂದಲೇ ಬರುವ ಭೇದಗಳಿವೆ. ಶಿರಾಜ್ ದ್ರಾಕ್ಷಿಯ ವೈನಿಗೆ ಕರಿಮೆಣಸಿನ ಘಾಟು ಕೊಡುವ ರೊಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ಗುರುತಿಸಿದರು. ಕರಿಮೆಣಸಿನಲ್ಲಿರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಹತ್ತುವುದೇ ಇಲ್ಲ. ಮೆಣಸಿನ ಘಾಟಿದೆ ಎಂದು ವಿಮರ್ಶಕ ಬರೆದದ್ದನ್ನು ಓದಿ, ಲೋಟದಲ್ಲಿ ಅದು ಸಿಗದೆ, ಒಬ್ಬಾತ ಬರೆದವನನ್ನು ಬೈದರೆ ತಪ್ಪು ಯಾರದು? ಇಬ್ಬರದೂ ಅಲ್ಲ.

ಪೀಪಾಯಿಯ ತಳದ ಬೀಗದಕೈ

ಈ ಗೊಂದಲದಿಂದ ಹೊರಬರಲು ಒಂದು ಹಳೆಯ ಕಥೆ ನೆರವಾಗುತ್ತದೆ. ಸ್ಪೇನಿನ ಸರ್ವಾಂಟಿಸ್ ಬರೆದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯಲ್ಲಿ ಸಾಂಚೋ ಪಾಂಝಾ ತನ್ನ ವಂಶದ ಇಬ್ಬರ ವಿಷಯ ಹೇಳುತ್ತಾನೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಮಾನದಂಡವನ್ನು ಕುರಿತು ಬರೆದ ಪ್ರಬಂಧದಲ್ಲಿ ಅದನ್ನೇ ಎತ್ತಿಕೊಂಡ. ಪೀಪಾಯಿಯ ವೈನನ್ನು ಪರೀಕ್ಷಿಸಲು ಇಬ್ಬರನ್ನು ಕರೆದರಂತೆ. ವೈನ್ ಚೆನ್ನಾಗಿದೆ, ಆದರೆ ತೊಗಲಿನ ವಾಸನೆ ಇದೆ ಎಂದ ಒಬ್ಬ. ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ ಇದೆ ಎಂದ ಇನ್ನೊಬ್ಬ. ಸುತ್ತಲಿದ್ದವರು ಇಬ್ಬರನ್ನೂ ಗೇಲಿ ಮಾಡಿದರು. ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ತೊಗಲಿನ ದಾರ ಕಟ್ಟಿದ ಒಂದು ಹಳೆಯ ಬೀಗದಕೈ!

ಹ್ಯೂಮ್ ಈ ಕಥೆಯಿಂದ ತೆಗೆದ ಸಾರವೆಂದರೆ, ಸೂಕ್ಷ್ಮ ರುಚಿ ಎಂಬುದು ಇದೆ ಮತ್ತು ಅದನ್ನು ಪರೀಕ್ಷಿಸಬಹುದು. ಒಂದು ಅಂಶ ವೈನಿನಲ್ಲಿ ಇದೆಯೋ ಇಲ್ಲವೋ ಎಂಬುದು ಇಚ್ಛೆಯ ಪ್ರಶ್ನೆಯಲ್ಲ. ಇಂದು ಆ ಬೀಗದಕೈಗೆ ಸಮನಾದ ಉದಾಹರಣೆ ಬಿರಡೆಯ ದೋಷ. ಬೆಂಡಿನ ಬಿರಡೆಯಲ್ಲಿ ಕೆಲವೊಮ್ಮೆ ಹುಟ್ಟುವ ಟಿಸಿಎ ಎಂಬ ರಾಸಾಯನಿಕ, ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ, ವೈನಿಗೆ ಒದ್ದೆ ರಟ್ಟಿನ ಮುಗ್ಗಲು ವಾಸನೆ ತರುತ್ತದೆ. ಪಳಗಿದ ಮೂಗು ಅದನ್ನು ತಟ್ಟನೆ ಹಿಡಿಯುತ್ತದೆ. ಪ್ರಯೋಗಾಲಯದ ಯಂತ್ರ ಅದನ್ನು ದೃಢಪಡಿಸುತ್ತದೆ. ಪಳಗದವನು ‘ಏನೋ ಸಪ್ಪೆ’ ಎಂದುಕೊಂಡು ಕುಡಿದು ಮುಗಿಸುತ್ತಾನೆ, ತನಗೆ ವೈನ್ ಹಿಡಿಸುವುದಿಲ್ಲ ಎಂದು ತೀರ್ಮಾನಿಸುತ್ತಾನೆ. ಇಲ್ಲಿ ಪಂಡಿತನ ಮಾತು ಕೇಳದವನಿಗೇ ನಷ್ಟ.

ಆದರೆ ಕಥೆಯಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ವಿಷಯವಿದೆ. ಪೀಪಾಯಿಯ ತಳದಲ್ಲಿ ಬೀಗದಕೈ ಸಿಕ್ಕಿತು. ‘ವೈನ್ ಚೆನ್ನಾಗಿದೆ’ ಎಂಬ ಮಾತಿಗೆ ತಳದಲ್ಲಿ ಯಾವ ಸಾಕ್ಷಿಯೂ ಸಿಗಲಿಲ್ಲ, ಸಿಗುವಂತೆಯೂ ಇಲ್ಲ. ಏನಿದೆ ಎಂಬುದು ಒಂದು ಪ್ರಶ್ನೆ, ಅದು ಎಷ್ಟು ಚೆನ್ನ ಎಂಬುದು ಇನ್ನೊಂದು.

2004ರಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಬೋರ್ಡೋದ ಶಾತೋ ಪಾವಿಯ 2003ರ ವೈನನ್ನು ಪಾರ್ಕರ್ ಬಾಯ್ತುಂಬ ಹೊಗಳಿದರು. ಅಷ್ಟೇ ಹೆಸರಾಂತ ಇಂಗ್ಲಿಷ್ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಅದಕ್ಕೆ ಕೊಟ್ಟದ್ದು ಇಪ್ಪತ್ತಕ್ಕೆ ಹನ್ನೆರಡು. ಬಹಿರಂಗವಾಗಿಯೇ ವಾಗ್ವಾದ ನಡೆಯಿತು. ಆ ವೈನ್ ಅತಿಯಾಗಿ ಮಾಗಿದ ಹಣ್ಣಿನದು, ಭಾರವಾದದ್ದು, ಬೋರ್ಡೋದ ಹಳೆಯ ಚಾಳಿಗೆ ದೂರವಾದದ್ದು ಎಂಬುದರ ಬಗ್ಗೆ ಜಗಳವಿರಲಿಲ್ಲ. ಒಬ್ಬರಿಗೆ ಅದು ವೈಭವ, ಇನ್ನೊಬ್ಬರಿಗೆ ಅತಿರೇಕ. ಇಬ್ಬರ ವರ್ಣನೆಯನ್ನೂ ಓದಿದವನಿಗೆ ತನಗೆ ಅದು ಬೇಕೋ ಬೇಡವೋ ಎಂದು ತಿಳಿಯುತ್ತಿತ್ತು. ಅಂಕ ಮಾತ್ರ ನೋಡಿದವನು ದಾರಿ ತಪ್ಪುತ್ತಿದ್ದ.

ಹೆಸರುಚೀಟಿಯ ಮಾಯೆ

ಪಂಡಿತ ಮತ್ತು ಪಾಮರ ಇಬ್ಬರನ್ನೂ ಒಟ್ಟಿಗೆ ಬೀಳಿಸುವ ಶತ್ರು ಬೇರೆಯೇ ಇದೆ. ಅದು ಬಾಟಲಿಯ ಮೇಲಿನ ಚೀಟಿ. ರೂಡಿ ಕುರ್ನಿಯಾವಾನ್ ಪ್ರಕರಣ ಇದನ್ನು ಬಯಲಿಗೆಳೆಯಿತು. ಇಂಡೊನೇಷ್ಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದ ಈತ ಮನೆಯಲ್ಲೇ ವೈನ್‌ಗಳನ್ನು ಬೆರೆಸಿ, ಹಳೆಯ ಬಾಟಲಿಗಳಿಗೆ ತುಂಬಿ, ಅಪರೂಪದ ಹೆಸರುಗಳ ಚೀಟಿ ಅಂಟಿಸಿ ಹರಾಜಿನಲ್ಲಿ ಮಾರುತ್ತಿದ್ದ. ಕೊಂಡವರು ಹಣವಂತರು, ಅನುಭವಿಗಳು. ಅವರಲ್ಲಿ ಅನೇಕರು ಕುಡಿದು ಕೊಂಡಾಡಿದರು. ಅನುಮಾನಕ್ಕೆ ದೊಡ್ಡ ದಾರಿ ತೆರೆದದ್ದು ಇತಿಹಾಸದ ಜ್ಞಾನ. ಬರ್ಗಂಡಿಯ ಬೆಳೆಗಾರ ಲೊರಾಂ ಪೋನ್ಸೊ ತಮ್ಮ ಮನೆತನದ ಹೆಸರಿನ ಕ್ಲೋ ಸಾಂ ದೆನಿ ವೈನಿನ 1945ರ ಬಾಟಲಿಗಳು 2008ರಲ್ಲಿ ಹರಾಜಿಗೆ ಬಂದಿರುವುದನ್ನು ಕಂಡರು. ಅವರ ಮನೆತನ ಆ ವೈನನ್ನು ತಯಾರಿಸತೊಡಗಿದ್ದೇ 1980ರ ದಶಕದಲ್ಲಿ! 2012ರಲ್ಲಿ ಕುರ್ನಿಯಾವಾನ್‌ನ ಬಂಧನವಾಯಿತು. 2014ರಲ್ಲಿ ಹತ್ತು ವರ್ಷದ ಸೆರೆವಾಸ ವಿಧಿಸಲಾಯಿತು.

1976ರ ತೀರ್ಪುಗಾರರನ್ನೂ ಈ ಹರಾಜಿನ ಗಿರಾಕಿಗಳನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇಬ್ಬರಿಗೂ ನುರಿತ ನಾಲಗೆ ಇತ್ತು. ಚೀಟಿ ಮುಚ್ಚಿದ್ದಾಗ ಆ ನಾಲಗೆ ತನ್ನ ದೇಶದ ವಿರುದ್ಧವೂ ಸಾಕ್ಷಿ ಹೇಳಿತು. ಚೀಟಿ ತೆರೆದಿದ್ದಾಗ ಚೀಟಿ ಹೇಳಿದ್ದನ್ನೇ ಹೇಳಿತು. ಆದ್ದರಿಂದ ‘ವಿಮರ್ಶಕನನ್ನು ನಂಬಬೇಕೋ, ಸ್ವಂತ ರುಚಿಯನ್ನೋ’ ಎಂದು ಕೇಳುವ ಮೊದಲು ‘ಚೀಟಿ ಮುಚ್ಚಿತ್ತೋ, ತೆರೆದಿತ್ತೋ’ ಎಂದು ಕೇಳಬೇಕು.

ಭಾರತದ ಕಾವ್ಯಮೀಮಾಂಸೆಗೆ ಈ ಪ್ರಶ್ನೆ ಹೊಸದಲ್ಲ. ಭರತಮುನಿ ನಾಟ್ಯದ ರಸವನ್ನು ವಿವರಿಸಲು ಹಿಡಿದ ಹೋಲಿಕೆಯೇ ಊಟದ್ದು: ವ್ಯಂಜನಗಳಿಂದ ಹದಗೊಂಡ ಅನ್ನವನ್ನು ಒಳ್ಳೆಯ ಮನಸ್ಸಿನವರು ಸವಿಯುವಂತೆ. ಸಹೃದಯನ ಮನಸ್ಸು ಕಾವ್ಯದ ಸತತ ಅಭ್ಯಾಸದಿಂದ ಉಜ್ಜಿದ ಕನ್ನಡಿಯಂತಾಗಿರುತ್ತದೆ ಎಂದ ಅಭಿನವಗುಪ್ತ. ರಸ ಅವನ ಅನುಭವವೇ. ಆದರೆ ಕನ್ನಡಿಯನ್ನು ಉಜ್ಜಿರಬೇಕು. ಹ್ಯೂಮ್ ಒಳ್ಳೆಯ ವಿಮರ್ಶಕನಿಗೆ ಹಾಕಿದ ಷರತ್ತುಗಳೂ ಇವೇ: ಅಭ್ಯಾಸ, ಹೋಲಿಕೆ, ಪೂರ್ವಗ್ರಹದಿಂದ ಬಿಡುಗಡೆ. ಇಷ್ಟಾದರೂ ವಯಸ್ಸು ಮತ್ತು ಸ್ವಭಾವದಿಂದ ಬರುವ ಭೇದ ಉಳಿದೇ ಉಳಿಯುತ್ತದೆ ಎಂದು ಆತ ಒಪ್ಪಿಕೊಂಡ.

ಉಜ್ಜುವ ಕೆಲಸ ದುಬಾರಿಯಲ್ಲ. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ 1980ರ ದಶಕದಲ್ಲಿ ವೈನಿನ ವಾಸನೆಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ‘ಗಂಭೀರ’, ‘ಸೊಗಸು’ ಎಂಬ ಪೊಳ್ಳು ಮಾತುಗಳನ್ನು ಬಿಟ್ಟು ನಿಂಬೆ, ಲವಂಗ, ಹಸಿಹುಲ್ಲು ಎಂದು ಅಡಿಗೆಮನೆಯ, ಹಿತ್ತಿಲ ವಸ್ತುಗಳ ಹೆಸರಲ್ಲಿ ಹೇಳಲು ಕಲಿಸುವುದು ಅದರ ಉದ್ದೇಶ. ಹೀಗೆ ಹೇಳಿದ್ದನ್ನು ಇನ್ನೊಬ್ಬ ಮೂಸಿ ಸರಿಯೋ ತಪ್ಪೋ ನೋಡಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಮೂರು ಲೋಟ, ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಸುರಿಯುವವರು ಬೇರೊಬ್ಬರಿರಬೇಕು. ಬೇರೆಯಾದದ್ದು ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೊಮ್ಮೆ ಸರಿಯಾದೀತು. ಆದ್ದರಿಂದ ಐದಾರು ಸಲ ಮಾಡಬೇಕು. ಸಾವಿರ ರೂಪಾಯಿಯದಕ್ಕೂ ಮೂರು ಸಾವಿರದ್ದಕ್ಕೂ ವ್ಯತ್ಯಾಸವೇ ತಿಳಿಯದಿದ್ದರೆ ಅದರಲ್ಲಿ ನಾಚಿಕೆಯ ಮಾತಿಲ್ಲ. ಎರಡು ಸಾವಿರ ಉಳಿಯಿತು. ತಿಳಿದೂ ಅಗ್ಗದ್ದೇ ಹಿಡಿಸಿದರೆ ಅದೂ ತಪ್ಪಲ್ಲ.

ವಿಮರ್ಶಕನನ್ನು ಆರಿಸಿಕೊಳ್ಳುವಾಗಲೂ ಇದೇ ವಿವೇಕ ಸಾಕು. ಆತ ಚೀಟಿ ಮುಚ್ಚಿ ಸವಿಯುತ್ತಾನೆಯೇ? ಮಾರುವವನ ಹಂಗಿನಲ್ಲಿದ್ದಾನೆಯೇ? ಅಂಕಕ್ಕಿಂತ ವರ್ಣನೆಗೆ ಬೆಲೆ ಕೊಡುತ್ತಾನೆಯೇ? ಅವನ ಅಭಿರುಚಿ ಓದುಗನದಕ್ಕೆ ಹೊಂದಲೇಬೇಕೆಂದಿಲ್ಲ. ತನಗೆ ಹಿಡಿಸದ್ದನ್ನೇ ತಪ್ಪದೆ ಹೊಗಳುವ ವಿಮರ್ಶಕನೂ ಉಪಯುಕ್ತ; ಅವನು ಹೊಗಳಿದ್ದನ್ನು ಬಿಟ್ಟು ಬೇರೆಯದನ್ನು ಕೊಂಡರಾಯಿತು. ಇವತ್ತು ಒಂದು, ನಾಳೆ ಒಂದು ಹೇಳುವವನಿಂದ ಮಾತ್ರ ಪ್ರಯೋಜನವಿಲ್ಲ.

ಕರ್ನಾಟಕಕ್ಕೆ ಇದು ದೂರದ ಮಾತಾಗಿ ಉಳಿದಿಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ 1988ರಲ್ಲಿ ಆರಂಭವಾದ ಗ್ರೋವರ್ ದ್ರಾಕ್ಷಿತೋಟಕ್ಕೆ ಮುಂದಿನ ದಶಕದಲ್ಲಿ ಸಲಹೆಗಾರರಾಗಿ ಬಂದವರು ಬೋರ್ಡೋದ ಮಿಶೆಲ್ ರೋಲಾಂ, ಪಾರ್ಕರ್ ಮೆಚ್ಚುವ ಬಗೆಯ ವೈನಿಗೆ ಹೆಸರಾದವರು. ಅದಕ್ಕಿಂತ ಹತ್ತಿರದ್ದು ಕಾಫಿ. ಕೊಡಗು, ಚಿಕ್ಕಮಗಳೂರಿನ ಕಾಫಿಯನ್ನು ಹೊರದೇಶದ ಕೊಳ್ಳುಗರು ಅಳೆಯುವುದೂ ನೂರಕ್ಕೆ ಇಷ್ಟು ಎಂಬ ಅಂಕದಲ್ಲೇ. ಎಂಬತ್ತು ದಾಟಿದರೆ ವಿಶೇಷ ಕಾಫಿ ಎಂಬ ಪಟ್ಟ. ಅಂಕಕ್ಕೆ ತಕ್ಕಂತೆ ತೋಟದವನ ಕೈಗೆ ಬರುವ ಬೆಲೆ. 2023ರಲ್ಲಿ ಅಂತರರಾಷ್ಟ್ರೀಯ ಸ್ಪೆಶಾಲ್ಟಿ ಕಾಫಿ ಸಂಘ ಹೊಸ ಮೌಲ್ಯಮಾಪನ ಪದ್ಧತಿಯನ್ನು ಮುಂದಿಟ್ಟಿತು. ಬೀಜದ ಭೌತಿಕ ಸ್ಥಿತಿ ಹೇಗಿದೆ ಎಂಬುದಕ್ಕೆ ಒಂದು ನಮೂನೆ, ಬಟ್ಟಲಲ್ಲಿ ಏನಿದೆ ಎಂಬುದಕ್ಕೆ ಒಂದು, ಅದು ಎಷ್ಟು ಹಿಡಿಸಿತು ಎಂಬುದಕ್ಕೆ ಇನ್ನೊಂದು, ಊರು-ಹೆಸರು-ಪ್ರಮಾಣಪತ್ರಗಳಿಗೆ ಮತ್ತೊಂದು. ಸಾಂಚೋನ ನೆಂಟರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಕಾಫಿಯವರು ಬೇರೆ ಬೇರೆ ಹಾಳೆಗಳಲ್ಲಿ ಬರೆಯತೊಡಗಿದ್ದಾರೆ.

ಸಾಮಾನ್ಯ ಓದುಗನಿಗೂ ಆ ಹಾಳೆಗಳೇ ಸಾಕು. ಏನಿದೆ ಎಂಬ ಹಾಳೆಯನ್ನು ಬಲ್ಲವರು ತುಂಬಲಿ. ಅವರಿಂದ ಕಲಿಯುವುದು ಬೇಕಾದಷ್ಟಿದೆ. ಹಿಡಿಸಿತೇ ಎಂಬ ಹಾಳೆಯನ್ನು ಕುಡಿಯುವವನೇ ತುಂಬಬೇಕು. ಹೆಸರು ಮತ್ತು ಬೆಲೆಯ ಹಾಳೆಯನ್ನು ಈ ಎರಡೂ ತುಂಬಿದ ಮೇಲಷ್ಟೇ ತಿರುಗಿಸಿ ನೋಡಬೇಕು.